ಸಾರಿಗೆ, ವಸತಿ ಖರ್ಚು ಕಡಿಮೆ ಮಾಡಿ ಅಂತ ಸೆನೆಟರ್‌ಗೆ ಬರೆದರೆ ಏನಾದರೂ ಆಗುತ್ತಾ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ವರ್ಷವರ್ಷವೂ ಇಷ್ಟೊಂದು ತೆರಿಗೆ ಕಟ್ಟುತ್ತೇವೆ. ಸಾರಿಗೆ ಮತ್ತು ವಸತಿಗೆ ಸರ್ಕಾರ ಸುರಿಯುವ ಹಣ ಕಡಿಮೆ ಮಾಡಿ ಅಂತ ಸೆನೆಟರ್‌ಗೆ ಪತ್ರ ಬರೆಯೋಣ ಎನ್ನುತ್ತಿದ್ದಾರೆ ಗೆಳೆಯರು. ಬರೆದರೆ ಉಪಯೋಗ ಇದೆಯಾ?

ಅಮೆರಿಕದಲ್ಲಿರುವ ನಮ್ಮವರು ಇದನ್ನು ಆಗಾಗ ಕೇಳುತ್ತಾರೆ. ಖಂಡಿತ ಬರೆಯಿರಿ. ಅದಕ್ಕೆ ಅಲ್ಲಿನ ಪೌರತ್ವವೂ ಬೇಕಿಲ್ಲ. ಆದರೆ "ಖರ್ಚು ಕಡಿಮೆ ಮಾಡಿ" ಅಂತಷ್ಟೇ ಬರೆದು ನಿಲ್ಲಿಸಬೇಡಿ. ಯಾವ ಖರ್ಚು, ಯಾರಿಗೆ ಹೋಗುವ ಖರ್ಚು ಅಂತ ಹೆಸರು ಹಿಡಿದು ಹೇಳಿ. ಹಾಗೆ ಹೇಳದಿದ್ದರೆ ಏನಾಗುತ್ತದೆ ಅನ್ನುವುದು 2013ರಲ್ಲಿ ಗೊತ್ತಾಯಿತು.

ಅಮೆರಿಕದ ಸಂಸತ್ತು ವರ್ಷದ ಖರ್ಚನ್ನು 12 ಬಿಲ್‌ಗಳಲ್ಲಿ ಹಂಚುತ್ತದೆ. ಸಾರಿಗೆ ಇಲಾಖೆ, ವಸತಿ ಇಲಾಖೆ ಎರಡೂ ಒಂದೇ ಬಿಲ್‌ನಲ್ಲಿವೆ. ಸರ್ಕಾರದ ನೆರವಿನ ಪ್ರಯಾಣಿಕ ರೈಲು ಆಮ್‌ಟ್ರ್ಯಾಕ್‌ಗೂ ಬಡವರ ಮನೆ ಬಾಡಿಗೆಗೂ ದುಡ್ಡು ಬರುವುದು ಒಂದೇ ಗಂಟಿನಿಂದ. 2013ರ ಮಾರ್ಚ್‌ನಲ್ಲಿ ಕೆಳಮನೆ ಒಟ್ಟು ಖರ್ಚು ಇಳಿಸುವ ಬಜೆಟ್‌ಗೆ ಒಪ್ಪಿತು. ಆಗ ಅಲ್ಲಿ ರಿಪಬ್ಲಿಕನ್ನರದೇ ಬಹುಮತ ಇತ್ತು. ಆಮೇಲೆ ಆ ಮಿತಿಯೊಳಗೆ ಸಾರಿಗೆ–ವಸತಿ ಬಿಲ್ ತಯಾರಾಯಿತು. ಮೊತ್ತ 4,410 ಕೋಟಿ ಡಾಲರ್. ಮೇಲ್ಮನೆಯಾದ ಸೆನೆಟ್‌ನ ಬಿಲ್ 5,400 ಕೋಟಿ. ಕೆಳಮನೆಯ ಬಿಲ್‌ನಲ್ಲಿ ಊರುಗಳ ಅಭಿವೃದ್ಧಿಗೆ ಕೊಡುವ ಅನುದಾನವೊಂದನ್ನೇ ಸುಮಾರು ಅರ್ಧಕ್ಕೆ ಇಳಿಸಿದ್ದರು.

ಒಟ್ಟು ಮೊತ್ತಕ್ಕೆ ಕೈ ಎತ್ತಿದವರು ಬಿಡಿಬಿಡಿ ಕಡಿತ ನೋಡಿ ಹಿಂಜರಿದರು. ಬೇಕಾದಷ್ಟು ಮತ ಸಿಗುವಂತೆ ಕಾಣಲಿಲ್ಲ. ಜುಲೈ 31ರಂದು ಬಿಲ್ ಅನ್ನು ಸದನದಿಂದ ವಾಪಸ್ ತೆಗೆದುಕೊಂಡರು. ಮರುದಿನ ಸೆನೆಟ್‌ನ ಬಿಲ್ ಕೂಡ ನಿಂತಿತು. ಚರ್ಚೆ ಮುಗಿಸಿ ಬಿಲ್ ಅನ್ನು ಮತಕ್ಕೆ ಹಾಕಲು 60 ಮತ ಬೇಕಿತ್ತು, ಸಿಕ್ಕಿದ್ದು 54. ಖರ್ಚು ಜಾಸ್ತಿ ಇರಲಿ ಅಂದವರ ಬಿಲ್ಲೂ ಹೋಯಿತು, ಕಡಿಮೆ ಇರಲಿ ಅಂದವರ ಬಿಲ್ಲೂ ಹೋಯಿತು.

ಅದೇ ವರ್ಷದ ಇನ್ನೊಂದು ಸಂಗತಿ ನನ್ನನ್ನು ಇವತ್ತಿಗೂ ಕಾಡುತ್ತದೆ. ಮೊದಲೇ ಮಾಡಿಟ್ಟ ಕಾನೂನಿನ ಪ್ರಕಾರ ಮಾರ್ಚ್ 1ರಿಂದ ಬಹುತೇಕ ಎಲ್ಲ ಇಲಾಖೆಗಳಿಗೂ ತಂತಾನೇ ಕಡಿತ ಬಿತ್ತು. ಏಪ್ರಿಲ್‌ನಲ್ಲಿ ವಿಮಾನ ಸಂಚಾರ ನಿಯಂತ್ರಕರನ್ನು ಸಂಬಳವಿಲ್ಲದ ರಜೆಗೆ ಕಳಿಸಿದರು. ವಿಮಾನಗಳು ತಡವಾದವು, ಪ್ರಯಾಣಿಕರು ಗಲಾಟೆ ಮಾಡಿದರು. ಒಂದು ವಾರದೊಳಗೆ ಎರಡೂ ಸದನಗಳು ಅದನ್ನು ಸರಿಪಡಿಸುವ ಕಾನೂನು ಪಾಸು ಮಾಡಿದವು. ಬಾಡಿಗೆ ವೋಚರ್‌ಗೂ ಅದೇ ಕಡಿತ ಬಿದ್ದಿತ್ತು. ಆ ವೋಚರ್ ಇದ್ದ ಕುಟುಂಬ ತನ್ನ ಆದಾಯದ ಸುಮಾರು ಶೇ. 30ರಷ್ಟನ್ನು ಬಾಡಿಗೆಗೆ ಕೊಡುತ್ತದೆ, ಉಳಿದದ್ದನ್ನು ಸರ್ಕಾರ ಮಾಲೀಕರಿಗೆ ಕಟ್ಟುತ್ತದೆ. ಆ ವರ್ಷ ಸಾವಿರಾರು ಕುಟುಂಬಗಳಿಗೆ ಸಿಗಬೇಕಿದ್ದ ವೋಚರ್ ಸಿಗಲಿಲ್ಲ. ವರ್ಷಗಟ್ಟಲೆ ಸರದಿಯಲ್ಲಿ ಕಾದವರು ಅವರು. ಅವರ ಮಾತು ಒಂದು ವಾರದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಹೆಸರು ಹೇಳದೆ ಕಡಿತ ಕೇಳಿದರೆ ದನಿ ಇಲ್ಲದವರ ಮೇಲೇ ಅದು ಬೀಳುತ್ತದೆ, ಅಲ್ವಾ?

ಅರ್ಹತೆ ಇರುವ ನಾಲ್ಕು ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಇಂಥ ನೆರವು ಸಿಗುತ್ತದೆ. ಹಾಗಾಗಿ ನಾನಾದರೆ ಅಲ್ಲಿ ಕೈ ಇಡುವುದಿಲ್ಲ.

ರಸ್ತೆಯ ಲೆಕ್ಕವನ್ನು ಬೇಕಾದರೆ ಗಟ್ಟಿಯಾಗಿ ಕೇಳಿ. ಹೆದ್ದಾರಿ ನಿಧಿಗೆ ಬರುವ ಕೇಂದ್ರದ ಪೆಟ್ರೋಲ್ ತೆರಿಗೆ ಗ್ಯಾಲನ್‌ಗೆ 18.4 ಸೆಂಟ್. 1993ರಿಂದ ಅದು ಕದಲಿಲ್ಲ. ಕೊರತೆ ತುಂಬಲು 2008ರಿಂದ ಸಾಮಾನ್ಯ ತೆರಿಗೆ ಹಣವನ್ನೂ ಅದಕ್ಕೆ ಹಾಕುತ್ತಾ ಬಂದಿದ್ದಾರೆ. ಹಳೆಯ ಸೇತುವೆ ರಿಪೇರಿ ಆಗುವ ಮೊದಲು ಹೊಸ ಲೇನ್ ಯಾಕೆ ಅಂತ ಕೇಳುವುದು ನ್ಯಾಯವಾದ ಪ್ರಶ್ನೆ. ಆದರೆ ಹೆದ್ದಾರಿ ಹಣದ ಬಹುಪಾಲು ಈ ವಾರ್ಷಿಕ ಬಿಲ್‌ನಲ್ಲಿ ತೀರ್ಮಾನವಾಗುವುದಿಲ್ಲ. ಹಲವು ವರ್ಷಕ್ಕೆ ಒಮ್ಮೆ ಮಾಡುವ ಬೇರೆ ಕಾನೂನಿನಲ್ಲಿ ಆಗುತ್ತದೆ. 2021ರಲ್ಲಿ ಐದು ವರ್ಷಕ್ಕೆ ಅಂತ ಮಾಡಿದ್ದು ಅಂಥದ್ದೇ. ಪತ್ರದಲ್ಲಿ ಎರಡನ್ನೂ ಬೆರೆಸಬೇಡಿ.

ರೈಲಿನ ಅನುದಾನ ಕಡಿಮೆ ಮಾಡಿ ಅನ್ನುವ ಮೊದಲೂ ಒಂದು ನಿಮಿಷ ಯೋಚಿಸಿ. ನ್ಯೂಜೆರ್ಸಿಯಿಂದ ಮ್ಯಾನ್‌ಹಟನ್ನಿನ ಪೆನ್ ಸ್ಟೇಷನ್‌ಗೆ ಹೋಗುವ ರೈಲು ಹಡ್ಸನ್ ನದಿಯ ಕೆಳಗಿನ 1910ರ ಸುರಂಗದಲ್ಲಿ ಓಡುತ್ತದೆ. 2012ರ ಸ್ಯಾಂಡಿ ಚಂಡಮಾರುತದಲ್ಲಿ ಅದರೊಳಗೆ ಉಪ್ಪುನೀರು ನುಗ್ಗಿ ಹಾಳುಮಾಡಿದೆ. ಆ ರೈಲಿನಲ್ಲಿ ನೀವೂ ಕೂತಿರುತ್ತೀರಿ.

ಇನ್ನು ಸಮಯದ ವಿಷಯ. ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಪತ್ರ ಮಾರ್ಚ್, ಏಪ್ರಿಲ್‌ನಲ್ಲೇ ತಲುಪಲಿ, ಈ ಬಿಲ್ ತಯಾರಿಸುವ ಉಪಸಮಿತಿ ಅಂಕಿ ಬರೆಯುವ ಮೊದಲು. ಸೆನೆಟರ್ ಜೊತೆಗೆ ನಿಮ್ಮ ಕೆಳಮನೆಯ ಸದಸ್ಯರಿಗೂ ಒಂದು ಪ್ರತಿ ಕಳಿಸಿ. ಒಂದೇ ಪುಟ, ಒಂದೇ ಬಾಬ್ತು ಇದ್ದರೆ ಸಾಕು.