ಊರು ಬಳಸುವ ಹೆದ್ದಾರಿ: ಗ್ರೀನ್ಸ್‌ಬರೊ ವರ್ತುಲದ ಲೆಕ್ಕಾಚಾರ

ನಾರ್ತ್ ಕ್ಯಾರೊಲೈನಾದ ಗ್ರೀನ್ಸ್‌ಬರೊ ಅಮೆರಿಕದ ಮಟ್ಟಕ್ಕೆ ಮಧ್ಯಮ ಗಾತ್ರದ ಊರು. 2020ರ ಜನಗಣತಿಯಲ್ಲಿ 2,99,035 ಜನ. ಆದರೆ ಐ-40, ಐ-85, ಐ-73 ಎಂಬ, ರಾಜ್ಯಗಳನ್ನು ಜೋಡಿಸುವ ಮೂರು ಇಂಟರ್‌ಸ್ಟೇಟ್ ಹೆದ್ದಾರಿಗಳು ಇಲ್ಲಿ ಒಂದನ್ನೊಂದು ಸಂಧಿಸುತ್ತವೆ. ಊರನ್ನು ಸುತ್ತುವ ಅರ್ಬನ್ ಲೂಪ್ ಸುಮಾರು 40 ಮೈಲಿ ಉದ್ದ. ಅದು ಒಂದೇ ಏಟಿಗೆ ಕಟ್ಟಿದ್ದಲ್ಲ. ಆಗ್ನೇಯದ ಐ-85 ಬೈಪಾಸ್ 2004ರಲ್ಲಿ, ನೈರುತ್ಯದ ತುಂಡು 2008ರಲ್ಲಿ, ಪೂರ್ವದ್ದು 2017ರ ಕೊನೆಗೆ, ಉತ್ತರದ ಕಟ್ಟಕಡೆಯ ತುಂಡು 2023ರ ಜನವರಿಯಲ್ಲಿ ತೆರೆಯಿತು. ಸಿವಿಲ್ ಎಂಜಿನಿಯರಿಂಗ್, ನಗರ ಯೋಜನೆ ಓದುವವರಿಗೆ ಪಾಠದ ಪುಸ್ತಕದ ಅರ್ಧ ಅಧ್ಯಾಯಗಳು ಈ ಒಂದೇ ರಸ್ತೆಯಲ್ಲಿ ಸಿಗುತ್ತವೆ.

ಮೊದಲು ತಲೆಯಿಂದ ತೆಗೆದುಹಾಕಬೇಕಾದದ್ದು ‘ಬೈಪಾಸ್’ ಎಂಬ ಹೆಸರು ಹುಟ್ಟಿಸುವ ಚಿತ್ರ. ದೂರದಿಂದ ಬಂದು ದೂರಕ್ಕೆ ಹೋಗುವ ಲಾರಿಗಳಿಗೆಂದೇ ವರ್ತುಲ ಕಟ್ಟುತ್ತಾರೆ ಎಂದುಕೊಂಡರೆ ಮುಂದಿನ ಯಾವ ನಿರ್ಧಾರವೂ ಅರ್ಥವಾಗುವುದಿಲ್ಲ. ವರ್ತುಲದಿಂದ ಹೆಚ್ಚು ಲಾಭ ಸಿಗುವುದು ಊರಿನ ಒಂದು ಅಂಚಿನಿಂದ ಪಕ್ಕದ ಅಂಚಿಗೆ ಹೋಗುವ ಸ್ಥಳೀಯರಿಗೆ. ಇದು ಅಭಿಪ್ರಾಯವಲ್ಲ, ಜ್ಯಾಮಿತಿ.

ಲೆಕ್ಕ ಹಾಕಿ ನೋಡಿ

ಊರನ್ನು ವೃತ್ತ ಎಂದುಕೊಳ್ಳಿ. ಪರಿಧಿ 40 ಮೈಲಿಯಾದರೆ ತ್ರಿಜ್ಯ ಸುಮಾರು 6.4 ಮೈಲಿ. ಅಂಚಿನಿಂದ ಕೇಂದ್ರಕ್ಕೆ ಬಂದು ಇನ್ನೊಂದು ಅಂಚಿಗೆ ಹೋದರೆ, ಯಾವ ಕಡೆಗಾದರೂ ಸರಿ, ಎರಡು ತ್ರಿಜ್ಯ, ಅಂದರೆ 12.8 ಮೈಲಿ. ವರ್ತುಲದ ಮೇಲೆ ಹೋದರೆ ದೂರವೆಂದರೆ ತ್ರಿಜ್ಯವನ್ನು ರೇಡಿಯನ್‌ನಲ್ಲಿ ಅಳೆದ ಕೋನದಿಂದ ಗುಣಿಸಿದಷ್ಟು. ಎರಡೂ ಸಮವಾಗುವುದು ಕೋನ 2 ರೇಡಿಯನ್ ಆದಾಗ, ಅಂದರೆ 114.6 ಡಿಗ್ರಿ. ಅದಕ್ಕಿಂತ ಕಡಿಮೆ ಕೋನದ ಪ್ರಯಾಣಕ್ಕೆ ವರ್ತುಲವೇ ಹತ್ತಿರದ ದಾರಿ, ಹೆಚ್ಚಾದರೆ ಸುತ್ತು.

ನೇರ ಎದುರು ಬದಿಗೆ ಹೋಗುವವನ ಪಾಡು ನೋಡಿ: ಒಳಗಿಂದ 12.8 ಮೈಲಿ, ಸುತ್ತಿಕೊಂಡು 20 ಮೈಲಿ. ವರ್ತುಲದಲ್ಲಿ ಗಂಟೆಗೆ 65 ಮೈಲಿ ವೇಗ ಸಿಕ್ಕರೂ ಹದಿನೆಂಟೂವರೆ ನಿಮಿಷ ಬೇಕು. ಅಷ್ಟೇ ಹೊತ್ತಿನಲ್ಲಿ ಒಳದಾರಿ ಮುಗಿಸಲು ಸರಾಸರಿ 41-42 ಮೈಲಿ ವೇಗ ಸಾಕು. ಒಳಗಿನ ಹೆದ್ದಾರಿ ಅದಕ್ಕಿಂತ ನಿಧಾನವಾದಾಗ ಮಾತ್ರ ದೂರದ ಚಾಲಕನಿಗೆ ವರ್ತುಲ ಗೆಲ್ಲುತ್ತದೆ. ರಾತ್ರಿ ಹನ್ನೊಂದಕ್ಕೆ ಹಾಗೆ ಆಗುವುದಿಲ್ಲ, ಸಂಜೆ ಐದಕ್ಕೆ ಆಗಬಹುದು. ಗ್ರೀನ್ಸ್‌ಬರೊ ನಿಜಕ್ಕೂ ವೃತ್ತವಲ್ಲ, ಐ-40 ಊರಿನ ನಟ್ಟನಡುವೆಯೂ ಹಾದಿಲ್ಲ, ದಕ್ಷಿಣಕ್ಕೆ ಸರಿದಿದೆ. ಹಾಗಾಗಿ ಅಲ್ಲಿ ದಕ್ಷಿಣದ ಅರ್ಧವರ್ತುಲದ ಸುತ್ತು ಇಷ್ಟು ದೊಡ್ಡದಲ್ಲ. ಆದರೂ ಲೆಕ್ಕದ ಜಾಡು ಇದೇ. ವಾಯವ್ಯದಲ್ಲಿ ವಿಮಾನ ನಿಲ್ದಾಣವಿದೆ, ಅದರ ಪಕ್ಕದಲ್ಲೇ 2009ರಲ್ಲಿ ಶುರುವಾದ ಫೆಡೆಕ್ಸ್ ಹಬ್ ಇದೆ. ಉತ್ತರದ ಬಡಾವಣೆಯಿಂದ ಅಲ್ಲಿಗೆ ಹೋಗುವವರಿಗೆ ಕೋನ 114 ಡಿಗ್ರಿಗಿಂತ ಬಹಳ ಕಡಿಮೆ. ವರ್ತುಲ ಅವರದ್ದು.

ಐ-40ನ್ನು ಎತ್ತಿ ಹಾಕಿದ್ದು, ಮತ್ತೆ ಇಳಿಸಿದ್ದು

ಪರೀಕ್ಷೆಗೆ ಕೇಳಬಹುದಾದ ಭಾಗ ಇದು, ನಿಧಾನವಾಗಿ ಓದಿ. ಊರಿನ ದಕ್ಷಿಣಕ್ಕೆ ಐ-40 ಹಾದುಹೋಗುವ ಕಡೆ ಹಲವು ಹೆದ್ದಾರಿಗಳು ಸೇರಿ ಬೇರ್ಪಡುವ ಒಂದು ಗಂಟು ಇದೆ. ಸ್ಥಳೀಯರು ಅದನ್ನು ‘ಡೆತ್ ವ್ಯಾಲಿ’ ಎಂದೇ ಕರೆಯುತ್ತಾರೆ. ಅಲ್ಲಿನ ಒತ್ತಡ ಇಳಿಸಲು 2008ರ ಫೆಬ್ರವರಿಯಲ್ಲಿ ನೈರುತ್ಯದ ತುಂಡು ತೆರೆದ ಕೂಡಲೇ ಐ-40 ಎಂಬ ನಂಬರನ್ನು ವರ್ತುಲಕ್ಕೆ ವರ್ಗಾಯಿಸಿದರು. ಹಳೆಯ ದಾರಿಗೆ ಬಿಸಿನೆಸ್ 40 ಎಂದು ಹೆಸರಾಯಿತು. ಕಾಗದದ ಮೇಲೆ ಅಚ್ಚುಕಟ್ಟು.

ರಸ್ತೆಯ ಮೇಲೆ ಆದದ್ದೇ ಬೇರೆ. ಹೆದ್ದಾರಿ ವಿನ್ಯಾಸದಲ್ಲಿ ‘ಮಾರ್ಗ ನಿರಂತರತೆ’ ಎಂಬ ನಿಯಮವಿದೆ: ಒಂದು ನಂಬರನ್ನು ನಂಬಿ ಹೋಗುವ ಚಾಲಕ ಅದೇ ನಂಬರಿನಲ್ಲಿ ಉಳಿಯಲು ಲೇನ್ ಬದಲಿಸಬೇಕಾಗಬಾರದು, ಎಕ್ಸಿಟ್ (ಹೆದ್ದಾರಿ ಬಿಟ್ಟು ಇಳಿಯುವ ದಾರಿ) ಹಿಡಿಯಬೇಕಾಗಬಾರದು, ಎಕ್ಸಿಟ್ ಹಿಡಿಯುವ ಕೆಲಸ ಆ ದಾರಿ ಬಿಟ್ಟು ಹೋಗುವವನದ್ದು. ನಂಬರ್ ಮಾತ್ರ ಬದಲಿಸಿ ಕಾಂಕ್ರೀಟು ಹಾಗೇ ಉಳಿದರೆ ಈ ನಿಯಮ ತಲೆಕೆಳಗಾಗುತ್ತದೆ. ನೇರ ಹೋದವನು ತನಗೇ ತಿಳಿಯದೆ ಹಳೆಯ ದಾರಿಗೆ ಬೀಳುತ್ತಾನೆ, ಐ-40 ಬೇಕಾದವನು ರಸ್ತೆಯಿಂದ ರಸ್ತೆಗೆ ದಾಟಿಸುವ ರ‍್ಯಾಂಪ್ ಹುಡುಕಬೇಕಾಗುತ್ತದೆ. ಚಾಲಕರ ಗೊಂದಲಕ್ಕೆ ವರ್ತುಲದ ಪಕ್ಕದ ನಿವಾಸಿಗಳ ಸದ್ದಿನ ದೂರೂ ಸೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಕ್ಕೂಟ ಸರ್ಕಾರದ ಅನುಮತಿ ಪಡೆದು ಐ-40ನ್ನು ಹಳೆಯ ದಾರಿಗೇ ತಂದರು. ಏಳು ತಿಂಗಳಲ್ಲಿ ಎರಡು ಬಾರಿ ಫಲಕ ಬದಲಿಸುವ ತೀರ್ಮಾನ. ಹೊಸ ವರ್ತುಲಕ್ಕೆ ಹಳೆಯ ನಂಬರ್ ಕೊಡಬೇಕೆಂದಿದ್ದರೆ, ಹೆದ್ದಾರಿಗಳು ಸೇರಿ ಕವಲೊಡೆಯುವ ಇಂಟರ್‌ಚೇಂಜಿನ ಮುಖ್ಯ ಲೇನುಗಳನ್ನೇ ವರ್ತುಲದ ಕಡೆ ತಿರುಗಿಸಿ ಕಟ್ಟಬೇಕು. ಬರೀ ಫಲಕದಿಂದ ಅದು ಆಗದು.

ಅಗಲ, ತಿರುವು, ಲಾರಿ

ಇಂಟರ್‌ಸ್ಟೇಟ್ ಮಾನದಂಡ ನೆನಪಿಡಿ: ಲೇನ್ 12 ಅಡಿ, ಬಲ ಶೋಲ್ಡರ್ (ಲೇನಿನ ಪಕ್ಕದ ಅಂಚುಪಟ್ಟಿ) 10 ಅಡಿ, ನಾಲ್ಕು ಲೇನಿನ ರಸ್ತೆಯಲ್ಲಿ ಎಡ ಶೋಲ್ಡರ್ 4 ಅಡಿ, ಸೇತುವೆಯ ಅಡಿ ಸಾಮಾನ್ಯವಾಗಿ 16 ಅಡಿ ಎತ್ತರ. ಊರೊಳಗೆ ಇಂಟರ್‌ಚೇಂಜುಗಳ ನಡುವೆ ಕನಿಷ್ಠ 1 ಮೈಲಿ ಅಂತರ.

ತಿರುವಿನ ಸೂತ್ರ ಸರಳ. ಗಂಟೆಗೆ ಮೈಲಿಯಲ್ಲಿ ವೇಗದ ವರ್ಗವನ್ನು, 15 ಗುಣಿಸು (ವಾಲು + ಘರ್ಷಣೆ) ಎಂಬುದರಿಂದ ಭಾಗಿಸಿದರೆ ಅಡಿಯಲ್ಲಿ ತ್ರಿಜ್ಯ ಬರುತ್ತದೆ; ವಾಲು ಅಂದರೆ ತಿರುವಿನ ಒಳಬದಿಗೆ ರಸ್ತೆಗೆ ಕೊಟ್ಟ ಓರೆ. 70 ಮೈಲಿ ವೇಗಕ್ಕೆ ವಾಲು 0.08, ಘರ್ಷಣೆ 0.10: 4900 ಭಾಗಿಸು 2.7, ಸುಮಾರು 1,815 ಅಡಿ. ಮುಖ್ಯ ದಾರಿಯಲ್ಲಿ ಇದು ಕಷ್ಟವಲ್ಲ. ಕಷ್ಟ ಬರುವುದು ನಾಲ್ಕೆಲೆಯ ಆಕಾರದ ಇಂಟರ್‌ಚೇಂಜ್ ಆದ ಕ್ಲೋವರ್‌ಲೀಫಿನ ಸುತ್ತು ರ‍್ಯಾಂಪಿನಲ್ಲಿ. ಅದನ್ನು 25 ಮೈಲಿಗೆ ವಿನ್ಯಾಸ ಮಾಡಿದರೆ, ಘರ್ಷಣೆ 0.23 ಹಿಡಿದು, ತ್ರಿಜ್ಯ 134 ಅಡಿ. ಈಗ ಅದೇ ರ‍್ಯಾಂಪಿಗೆ ತುಂಬಿದ ಟ್ರೇಲರ್ 30 ಮೈಲಿ ವೇಗದಲ್ಲಿ ಬಂತೆನ್ನಿ. 900 ಭಾಗಿಸು 2010 ಅಂದರೆ 0.448, ಅದರಲ್ಲಿ ವಾಲು 0.08 ಕಳೆದರೆ ಪಕ್ಕಕ್ಕೆ ಎಳೆಯುವ ಬಲ ತೂಕದ 0.37 ಪಾಲು. ಎತ್ತರಕ್ಕೆ ಸರಕು ತುಂಬಿದ ಟ್ರೇಲರ್ ಮಗುಚುವ ಮಿತಿಯೇ ಸುಮಾರು 0.35ರಿಂದ 0.4. ಬರೀ 5 ಮೈಲಿ ಹೆಚ್ಚಿಗೆ ಅಂಚಿಗೆ ಬಂತು! ಕಾರಿನವನಿಗೆ ಅದೇ ತಿರುವಿನಲ್ಲಿ ಮೈ ಸ್ವಲ್ಪ ವಾಲುತ್ತದೆ, ಅಷ್ಟೇ. ಹಳದಿ ಫಲಕದ ಸಲಹಾ ವೇಗವನ್ನು ಕಾರಿನವರು ಲಘುವಾಗಿ ತೆಗೆದುಕೊಳ್ಳುವುದೂ, ಲಾರಿಯವರು ತೆಗೆದುಕೊಳ್ಳಬಾರದೆನ್ನುವುದೂ ಇದಕ್ಕೇ.

ಕ್ಲೋವರ್‌ಲೀಫಿನ ಇನ್ನೊಂದು ರೋಗ ಹೆಣೆಯುವಿಕೆ. ಒಂದು ಸುತ್ತು ರ‍್ಯಾಂಪಿನಿಂದ ಹೆದ್ದಾರಿಗೆ ಬರುವವರು ಮತ್ತು ಮುಂದಿನ ಸುತ್ತು ರ‍್ಯಾಂಪಿಗೆ ಇಳಿಯುವವರು ಕೆಲವು ನೂರು ಅಡಿಯೊಳಗೆ ಒಬ್ಬರನ್ನೊಬ್ಬರು ದಾಟಬೇಕು. ಬರುವವನು ವೇಗ ಏರಿಸುತ್ತಿರುತ್ತಾನೆ, ಹೋಗುವವನು ಇಳಿಸುತ್ತಿರುತ್ತಾನೆ. ವಾಹನ ಕಡಿಮೆ ಇದ್ದಾಗ ನಡೆಯುತ್ತದೆ. ಹೆಚ್ಚಾದಾಗ ಮುಖ್ಯ ಲೇನೇ ನಿಲ್ಲುತ್ತದೆ. ಇದಕ್ಕೆ ಮದ್ದು ಎರಡು: ಹೆಣೆಯುವ ಜಾಗವನ್ನು ಮುಖ್ಯ ಲೇನಿನಿಂದ ಬೇರ್ಪಡಿಸಿ ಪಕ್ಕದ ಸಮಾನಾಂತರ ರಸ್ತೆಗೆ ಹಾಕುವುದು, ಇಲ್ಲವೇ ಸುತ್ತು ರ‍್ಯಾಂಪ್ ತೆಗೆದು ಮೇಲ್ಸೇತುವೆಯ ರ‍್ಯಾಂಪ್ ಕಟ್ಟುವುದು. ಎರಡನೆಯದಕ್ಕೆ ದುಡ್ಡು ಬೇಕು.

ಲೇನಿನ ಸಾಮರ್ಥ್ಯಕ್ಕೆ ಪುಸ್ತಕದ ಅಂಕಿ ಗಂಟೆಗೆ 2,400 ಕಾರು. ಆದರೆ ಅದು ಬರೀ ಕಾರುಗಳಿದ್ದಾಗ. ಏರಿಳಿತದ ನೆಲದಲ್ಲಿ ಒಂದು ಲಾರಿಯನ್ನು 3 ಕಾರೆಂದು ಹಿಡಿಯುತ್ತಾರೆ. ನೂರಕ್ಕೆ ಹತ್ತು ಲಾರಿ ಇದ್ದರೆ 2,400ನ್ನು 1.2ರಿಂದ ಭಾಗಿಸಿ: 2,000 ವಾಹನ. ಬಹಳಷ್ಟು ಉತ್ತರ ಪತ್ರಿಕೆಗಳಲ್ಲಿ ಈ ಭಾಗಾಕಾರವೇ ಬಿಟ್ಟುಹೋಗಿರುತ್ತದೆ.

ಅಂಗಡಿ ಬಾಗಿಲು ತೆರೆದರೆ

ವರ್ತುಲ ಕೆಡುವುದು ಹೇಗೆಂದು ನೋಡಲು ಕೆಂಟಕಿಯ ಲೆಕ್ಸಿಂಗ್ಟನ್‌ಗೆ ಹೋಗಬೇಕು. ಅಲ್ಲಿನ ನ್ಯೂ ಸರ್ಕಲ್ ರೋಡ್ 19 ಮೈಲಿ ಚಿಲ್ಲರೆ. ಹೆಚ್ಚಿನ ಭಾಗ ಫ್ರೀವೇ, ಅಂದರೆ ಸಿಗ್ನಲ್ ಇಲ್ಲದ ಹೆದ್ದಾರಿ. ಆದರೆ ಮೊದಲು ಕಟ್ಟಿದ ಈಶಾನ್ಯದ ಭಾಗಕ್ಕೆ ಪ್ರವೇಶ ನಿಯಂತ್ರಣ ಇರಲಿಲ್ಲ, ಅಂದರೆ ಪಕ್ಕದ ಜಮೀನಿನವರು ರಸ್ತೆಗೆ ನೇರ ಬಾಗಿಲು ಇಡಬಹುದಿತ್ತು. ಅಂಗಡಿ, ಹೋಟೆಲು, ಕಾರು ಮಾರುವವರು ಬಂದರು. ಅವರ ಹಿಂದೆ ಟ್ರಾಫಿಕ್ ಸಿಗ್ನಲ್ ಬಂತು. ಇವತ್ತಿಗೂ ಒಂದೇ ವರ್ತುಲದಲ್ಲಿ ಒಂದು ಕಡೆ ತಡೆಯಿಲ್ಲದ ಓಟ, ಇನ್ನೊಂದು ಕಡೆ ಕೆಂಪು ದೀಪ. ಬಾಗಿಲು ಒಮ್ಮೆ ಕೊಟ್ಟ ಮೇಲೆ ಹಿಂಪಡೆಯಲು ಪರಿಹಾರ ಕೊಡಬೇಕಾಗುತ್ತದೆ. ಸಾಲಿಗೆ ಸಾಲೇ ಅಂಗಡಿ ಇದ್ದರೆ ಅದು ಹೊಸ ರಸ್ತೆಗಿಂತ ದುಬಾರಿ ಆಗಬಹುದು. ನಮ್ಮೂರುಗಳ ಹಳೆಯ ಬೈಪಾಸ್‌ಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಮೀನು ಕಾಯ್ದಿರಿಸಿದ ಕಾನೂನು

300 ಅಡಿ ಅಗಲದ ಪಟ್ಟಿಗೆ ಮೈಲಿಗೆ 36 ಎಕರೆಗಿಂತ ಸ್ವಲ್ಪ ಹೆಚ್ಚು ಬೇಕು. 40 ಮೈಲಿಗೆ ಸುಮಾರು 1,450 ಎಕರೆ, ಇಂಟರ್‌ಚೇಂಜುಗಳನ್ನು ಬಿಟ್ಟು. ಕಟ್ಟುವುದು ಇಪ್ಪತ್ತು ವರ್ಷದ ಮೇಲಾದರೆ ಅಷ್ಟರಲ್ಲಿ ಆ ಜಾಗದಲ್ಲಿ ಮನೆಗಳೆದ್ದಿರುತ್ತವೆ. ಇದನ್ನು ತಡೆಯಲು ನಾರ್ತ್ ಕ್ಯಾರೊಲೈನಾ 1987ರಲ್ಲಿ ‘ಮ್ಯಾಪ್ ಆ್ಯಕ್ಟ್’ ತಂದಿತು: ರಸ್ತೆ ಹಾದುಹೋಗುವ ಪಟ್ಟಿಯ ನಕ್ಷೆ ದಾಖಲಾದರೆ ಅದರೊಳಗೆ ಕಟ್ಟಡದ ಪರವಾನಗಿಯನ್ನೂ ಜಮೀನು ವಿಭಜನೆಯನ್ನೂ ಮೂರು ವರ್ಷದವರೆಗೆ ತಡೆಹಿಡಿಯಬಹುದು. 1989ರ ಹೆದ್ದಾರಿ ನಿಧಿ ಕಾನೂನು ಗ್ರೀನ್ಸ್‌ಬರೊ ಸೇರಿ ಹಲವು ಊರುಗಳ ವರ್ತುಲಗಳನ್ನು ಹೆಸರಿಸಿ ಹಣದ ದಾರಿ ಮಾಡಿತು.

ಎಡವಟ್ಟು ಎಲ್ಲಿ? ಪರವಾನಗಿಯ ತಡೆಗೆ ಗಡುವಿತ್ತು, ನಕ್ಷೆಗೆ ಇರಲಿಲ್ಲ. ನಕ್ಷೆಯೊಳಗಿನ ಮನೆಯನ್ನು ಯಾರು ಕೊಳ್ಳುತ್ತಾರೆ? ಮಾರಲೂ ಆಗದೆ, ಪರಿಹಾರವೂ ಬಾರದೆ ಜನ ವರ್ಷಗಟ್ಟಲೆ ಕಾದರು. ಪಕ್ಕದ ವಿನ್‌ಸ್ಟನ್-ಸೇಲಂ ವರ್ತುಲದ ಭೂಮಾಲೀಕರು ಕೋರ್ಟಿಗೆ ಹೋದರು. 2016ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ನಕ್ಷೆ ದಾಖಲಿಸಿ ಹಕ್ಕು ಕಟ್ಟಿಹಾಕುವುದೂ ಸ್ವಾಧೀನವೇ, ಪರಿಹಾರ ಕೊಡಬೇಕು ಎಂದಿತು. 2019ರಲ್ಲಿ ಕಾನೂನೇ ರದ್ದಾಯಿತು. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್ ಅಧಿಸೂಚನೆಯ ಸುದ್ದಿ ಓದಿದವರು ಈ ತೀರ್ಪನ್ನು ಎರಡು ಸಲ ಓದಬೇಕು.

ಸದ್ದು

ಮನೆಗಳ ಹತ್ತಿರ ಗಂಟೆಯ ಸರಾಸರಿ ಸದ್ದು 67 ಡೆಸಿಬೆಲ್ ಸಮೀಪಿಸಿದರೆ ತಡೆಗೋಡೆಯ ಪರಿಶೀಲನೆ ಕಡ್ಡಾಯ; ಗೋಡೆಯೇ ಕಡ್ಡಾಯವಲ್ಲ, ಖರ್ಚಿಗೆ ತಕ್ಕ ಪ್ರಯೋಜನ ಇರಬೇಕು. ರಸ್ತೆ ಕಣ್ಣಿಗೆ ಮರೆಯಾಗುವಷ್ಟು ಎತ್ತರದ ಗೋಡೆ ಸುಮಾರು 5 ಡೆಸಿಬೆಲ್ ತಗ್ಗಿಸುತ್ತದೆ, ಮೇಲಿನ ಪ್ರತಿ ಮೀಟರಿಗೆ ಇನ್ನು ಒಂದೂವರೆ. ವಾಹನ ಸಂಖ್ಯೆ ಅರ್ಧವಾದರೂ ತಗ್ಗುವುದು 3 ಡೆಸಿಬೆಲ್ ಮಾತ್ರ. ಹೀಗಾಗಿ ಗ್ರೀನ್ಸ್‌ಬರೊದಲ್ಲಿ ಐ-40ರ ನಂಬರನ್ನು ಹಿಂದಕ್ಕೆ ಕೊಟ್ಟದ್ದರಿಂದ ಸದ್ದು ಪೂರ್ತಿ ನಿಂತಿತೆಂದು ಬರೆಯಬೇಡಿ. ಹಾಗೆ ನಿಲ್ಲಲು ಸಾಧ್ಯವಿಲ್ಲ.

ನಂಬರ್ ಓದುವುದು

ಮೂರಂಕಿಯ ಇಂಟರ್‌ಸ್ಟೇಟಿನಲ್ಲಿ ಮೊದಲ ಅಂಕಿ ಸಮ ಇದ್ದರೆ ಸಾಮಾನ್ಯವಾಗಿ ಎರಡು ತುದಿಯೂ ಇಂಟರ್‌ಸ್ಟೇಟಿಗೆ ಸೇರುವ ಬಳಸುದಾರಿ. ಬೆಸ ಇದ್ದರೆ ಕವಲು. ಗ್ರೀನ್ಸ್‌ಬರೊ ವರ್ತುಲದ ಉತ್ತರ ಭಾಗದ ನಂಬರ್ ಐ-840, ಅಂದರೆ ಐ-40ರ ಬಳಸು. ಹಾಗಾದರೆ ವರ್ತುಲದ ಪೂರ್ವದಲ್ಲಿ ಐ-785 ಎಂಬ ಬೆಸ ನಂಬರ್ ಏಕೆ? ಅದು ಐ-85ರಿಂದ ಹೊರಟು ವರ್ಜೀನಿಯಾದ ಡ್ಯಾನ್‌ವಿಲ್ ಕಡೆ ಹೋಗಬೇಕಾದ ಕವಲು. ದಾರಿಯಲ್ಲಿ ವರ್ತುಲದ ಮೈಮೇಲೆ ಸ್ವಲ್ಪ ದೂರ ಸವಾರಿ ಮಾಡುತ್ತದೆ.

ಪೂರ್ಣ ವರ್ತುಲಕ್ಕೆ ಒಂದೇ ನಂಬರಿದ್ದರೆ ಎಕ್ಸಿಟ್ ಎಣಿಕೆ ದಕ್ಷಿಣ ತುದಿಯ ಪಶ್ಚಿಮ ಪಕ್ಕದಿಂದ ಶುರುವಾಗಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಗ್ರೀನ್ಸ್‌ಬರೊದಲ್ಲಿ ಆ ಸೌಖ್ಯವಿಲ್ಲ. ಐ-73ರ ಮೇಲೆ 100ರ ಆಸುಪಾಸು, ಐ-85ಕ್ಕೆ ಬಂದರೆ 120ರ ಮೇಲೆ, ಐ-840ರಲ್ಲಿ ಮತ್ತೆ ಒಂದಂಕಿಯಿಂದ. ದಾರಿ ಹೇಳುವಾಗ ಹೆದ್ದಾರಿ ನಂಬರ್ ಸೇರಿಸದೆ ಬರೀ ಎಕ್ಸಿಟ್ ನಂಬರ್ ಹೇಳಬೇಡಿ.

ದಿಕ್ಕಿನದ್ದು ಇನ್ನೊಂದು ತೊಡಕು: ಸುತ್ತುವ ರಸ್ತೆಗೆ ‘ಉತ್ತರಕ್ಕೆ’ ಎಂದರೆ ಅರ್ಧ ಸುತ್ತಿನಲ್ಲೇ ಸುಳ್ಳಾಗುತ್ತದೆ. ಹತ್ತಿರದ ರಾಲಿಯಲ್ಲಿ ಐ-440ಕ್ಕೆ ಹಿಂದೆ ‘ಇನ್ನರ್’, ‘ಔಟರ್’ ಎಂದು ಫಲಕ ಹಾಕಿದ್ದರು. ಹೊಸಬರಿಗೆ ಅದೇ ಗೊಂದಲವಾಗಿ, ಆಮೇಲೆ ಪೂರ್ವ-ಪಶ್ಚಿಮಕ್ಕೆ ಬಂದರು. ಅಭ್ಯಾಸಕ್ಕೆ: ಅಮೆರಿಕದಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿಗೆ ಹೋಗುವವನು ಒಳಪಟ್ಟಿಯಲ್ಲಿರುತ್ತಾನೋ ಹೊರಪಟ್ಟಿಯಲ್ಲೋ? ಊರು ಅವನ ಬಲಕ್ಕಿದೆ, ಓಡಿಸುವುದೂ ರಸ್ತೆಯ ಬಲಕ್ಕೆ. ಆದ್ದರಿಂದ ಒಳಪಟ್ಟಿ. ಬೆಂಗಳೂರಿನ ಹೊರವರ್ತುಲದಲ್ಲಿ ಇದೇ ಪ್ರಶ್ನೆಗೆ ಉತ್ತರ ಉಲ್ಟಾ, ಹೊರಪಟ್ಟಿ.