ಹಳೆಯ ಎಂಎಕ್ಸ್-5 ಕಾರಿನಲ್ಲಿ ಎಂಜಿನ್ ಮಿಸ್ಸಿಂಗ್: ದೋಷ ಪತ್ತೆಯ ಟಿಪ್ಪಣಿ

1989ರ ಫೆಬ್ರವರಿಯಲ್ಲಿ ಶಿಕಾಗೋ ವಾಹನ ಪ್ರದರ್ಶನದಲ್ಲಿ ಮಜ್ದಾ ಕಂಪನಿ ಅನಾವರಣಗೊಳಿಸಿದ ಎಂಎಕ್ಸ್-5, ಅಂದರೆ ಅಮೆರಿಕದಲ್ಲಿ ಮಿಯಾಟಾ ಎಂದೂ ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂದೂ ಮಾರಾಟವಾದ ಎರಡು ಸೀಟಿನ ಕಾರು, ಎಂಜಿನ್ ದೋಷ ಪತ್ತೆಯನ್ನು ಕಲಿಯುವವರಿಗೆ ತುಂಬಾ ಒಳ್ಳೆಯ ಪಾಠ. ಈ ಟಿಪ್ಪಣಿ ಅದರ ಮೊದಲ 1598 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್ ಎಂಜಿನ್ನಿಗೆ ಸಂಬಂಧಿಸಿದ್ದು. ಎಂಜಿನ್ನಿನ ದೋಷಗಳನ್ನು ತಾನೇ ದಾಖಲಿಸಿ ಸ್ಕ್ಯಾನರಿಗೆ ತಿಳಿಸುವ ಒಬಿಡಿ-2 ವ್ಯವಸ್ಥೆ ಅಮೆರಿಕದಲ್ಲಿ ಕಡ್ಡಾಯವಾದದ್ದು 1996ರಿಂದ. ಅದಕ್ಕೂ ಮುಂಚಿನ ಈ ಕಾರಿಗೆ ಸ್ಕ್ಯಾನರ್ ಜೋಡಿಸಿ ಯಾವ ಸಿಲಿಂಡರ್ ಮಿಸ್ ಆಗುತ್ತಿದೆ, ಅಂದರೆ ಯಾವುದರಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಎಂದು ಓದಿಕೊಳ್ಳುವ ಅನುಕೂಲವಿಲ್ಲದ ಕಾರಣ, ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗುವ ಆತುರ ಇಲ್ಲಿ ಸಹಜವಾಗಿಯೇ ಹುಟ್ಟುತ್ತದೆ. ಆದರೆ ಈ ಎಂಜಿನ್ನಿನ ಕಿಡಿ ವ್ಯವಸ್ಥೆಯ ರಚನೆಯನ್ನು ಅರ್ಥ ಮಾಡಿಕೊಂಡರೆ, ಮಿಸ್ ಆಗುತ್ತಿರುವುದು ಒಂದು ಸಿಲಿಂಡರೇ, ಒಂದು ಜೋಡಿಯೇ, ಅಥವಾ ನಾಲ್ಕೂ ದುರ್ಬಲವೇ ಎಂಬ ಒಂದೇ ಪ್ರಶ್ನೆ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಮುಗಿಸಿಕೊಡುತ್ತದೆ.

ಒಂದೇ ಕಾಯಿಲ್ಲಿನ ಕಿಡಿಯನ್ನು ಸರದಿಯಂತೆ ಎಲ್ಲ ಸಿಲಿಂಡರ್‌ಗಳಿಗೂ ಹಂಚುವ ಡಿಸ್ಟ್ರಿಬ್ಯೂಟರ್ ಇದರಲ್ಲಿ ಇಲ್ಲ. ಸಿಲಿಂಡರ್ ಹೆಡ್ಡಿನ ಹಿಂಭಾಗದಲ್ಲಿ, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಎರಡು ಕಾಯಿಲ್‌ಗಳಿದ್ದು, ಒಂದು 1 ಮತ್ತು 4ನೆಯ ಸಿಲಿಂಡರ್‌ಗಳಿಗೆ, ಇನ್ನೊಂದು 2 ಮತ್ತು 3ನೆಯದಕ್ಕೆ ಕಿಡಿ ಕೊಡುತ್ತದೆ. ಫೈರಿಂಗ್ ಕ್ರಮ, ಅಂದರೆ ಸಿಲಿಂಡರ್‌ಗಳು ಹೊತ್ತಿಕೊಳ್ಳುವ ಸರದಿ, 1-3-4-2. ಜೋಡಿಯ ಎರಡೂ ಪ್ಲಗ್‌ಗಳಲ್ಲಿ ಏಕಕಾಲಕ್ಕೆ ಕಿಡಿ ಹಾರುತ್ತದೆ. ಆಗ ಒಂದು ಸಿಲಿಂಡರ್ ಕಂಪ್ರೆಷನ್ನಿನ, ಅಂದರೆ ಒಳಗಿನ ಮಿಶ್ರಣವನ್ನು ಒತ್ತಿ ಕುಗ್ಗಿಸುವ ಹಂತದ, ಕೊನೆಯಲ್ಲಿರುತ್ತದೆ, ಇನ್ನೊಂದು ಹೊಗೆಯನ್ನು ಹೊರದಬ್ಬಿ ಮುಗಿಸುತ್ತಿರುತ್ತದೆ. ಒತ್ತಡ ಕಡಿಮೆಯಿರುವ ಎರಡನೆಯ ಕಡೆ ಕಿಡಿ ಹಾರಲು ಅಲ್ಪ ವೋಲ್ಟೇಜ್ ಸಾಕಾಗುವುದರಿಂದ, ಕಾಯಿಲ್ಲಿನ ಬಲವೆಲ್ಲ ಬಹುಪಾಲು ಕೆಲಸ ಮಾಡಬೇಕಾದ ಸಿಲಿಂಡರಿಗೇ ಸಿಗುತ್ತದೆ. ಹೀಗಾಗಿ 1 ಮತ್ತು 4 ಒಟ್ಟಿಗೆ ಮಿಸ್ ಆದರೆ ಸಂಶಯ ನೇರವಾಗಿ ಅವುಗಳ ಕಾಯಿಲ್ ಮತ್ತು ಅದಕ್ಕೆ ಬರುವ ಸಂಪರ್ಕದ ಮೇಲೆ ಹೋಗಬೇಕು, ಏಕೆಂದರೆ ಎರಡು ತುದಿಗಳಲ್ಲಿರುವ ಆ ಸಿಲಿಂಡರ್‌ಗಳಿಗೆ ಸಮಾನವಾದದ್ದು ಬೇರೇನೂ ಹೆಚ್ಚು ಇಲ್ಲ. 2 ಮತ್ತು 3ರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅವು ಒಂದೇ ಕಾಯಿಲ್ಲಿಗೆ ಸೇರಿದವು ಮಾತ್ರವಲ್ಲ, ಅಕ್ಕಪಕ್ಕದವೂ ಹೌದು. ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗೆ ಒತ್ತಡ ಸೋರದಂತೆ ತಡೆಯುವ ಹಾಳೆ) ಸುಟ್ಟಿದ್ದರೂ ಅದೇ ಲಕ್ಷಣ ಕಾಣುತ್ತದೆ. ಆದ್ದರಿಂದ ಕಂಪ್ರೆಷನ್ ಅಳೆಯದೆ ಅಲ್ಲಿ ತೀರ್ಮಾನಕ್ಕೆ ಬರಬಾರದು.

ಮಿಸ್ ಆಗುತ್ತಿರುವ ಸಿಲಿಂಡರನ್ನು ಗುರುತಿಸಲು ಎಂಜಿನ್ ಓಡುತ್ತಿರುವಾಗ ಪ್ಲಗ್ ವೈರ್ ಕೀಳುವ ಹಳೆಯ ಪದ್ಧತಿಯನ್ನು ಇಲ್ಲಿ ಅನುಸರಿಸಬಾರದು. ದಾರಿ ಸಿಗದ ವೋಲ್ಟೇಜ್ ಕಾಯಿಲ್ಲಿನ ಇನ್ಸುಲೇಷನ್ನನ್ನು ಸೀಳಬಹುದು, ಕೈಗೂ ಹೊಡೆಯಬಹುದು. ಉರಿಯದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೂ ಹಾಳು ಮಾಡುತ್ತದೆ. ಬದಲಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. ಯಾವುದನ್ನು ಬಿಡಿಸಿದಾಗ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಇರುವಾಗಿನ ಎಂಜಿನ್ ವೇಗ) ಕುಸಿಯುವುದಿಲ್ಲವೋ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ ಎಂದರ್ಥ. ಕನೆಕ್ಟರ್ ಬಿಡಿಸಿದ ಮೊದಲ ಕ್ಷಣದ ಕುಸಿತವನ್ನೇ ಗಮನಿಸಬೇಕು, ಏಕೆಂದರೆ ಐಡ್ಲಿಂಗ್ ನಿಯಂತ್ರಣ ವ್ಯವಸ್ಥೆ ಕೂಡಲೇ ಹೆಚ್ಚು ಗಾಳಿ ಬಿಟ್ಟು ವೇಗವನ್ನು ಸರಿದೂಗಿಸಲು ನೋಡುತ್ತದೆ.

ಮಿಸ್ಸಿಂಗ್ ಯಾವಾಗ ಬರುತ್ತದೆ ಎಂಬುದೂ ಅಷ್ಟೇ ಮುಖ್ಯ. ಐಡ್ಲಿಂಗಿನಲ್ಲಿ ಸರಿಯಾಗಿದ್ದು, ನಾಲ್ಕನೆಯ ಗೇರಿನಲ್ಲಿ ಕಡಿಮೆ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಕಾರು ಮುಗ್ಗರಿಸಿದರೆ, ಕಿಡಿಯ ದೌರ್ಬಲ್ಯವನ್ನು ಮೊದಲು ಶಂಕಿಸಬೇಕು. ಸಿಲಿಂಡರಿನಲ್ಲಿ ಗಾಳಿ ಹೆಚ್ಚು ತುಂಬಿದಷ್ಟೂ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಪ್ಲಗ್ಗಿನ ಅಂತರವನ್ನು ದಾಟಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ, ಮತ್ತು ಆ ವೋಲ್ಟೇಜ್ ಹಳೆಯ ವೈರಿನ ರಬ್ಬರ್ ಬಿರುಕಿನಿಂದ ಪಕ್ಕದ ಲೋಹಕ್ಕೆ ಸೋರಿಹೋಗುವ ಸುಲಭದ ದಾರಿಯನ್ನು ಹಿಡಿಯುತ್ತದೆ. ಈ ಕಾರಿನಲ್ಲಿ ಹಳೆಯ ಪ್ಲಗ್ ವೈರ್‌ಗಳೇ ಅತಿ ಸಾಮಾನ್ಯ ಕಾರಣ. ಮಲ್ಟಿಮೀಟರಿನಿಂದ ಓಮ್ ಅಳೆದರೆ ಒಳಗೆ ತುಂಡಾದ ವೈರ್ ಸಿಕ್ಕಿಬೀಳುತ್ತದೆಯೇ ಹೊರತು ಇನ್ಸುಲೇಷನ್ ಸೋರುವ ವೈರ್ ಸಿಗುವುದಿಲ್ಲ. ಅದಕ್ಕೆ ಕತ್ತಲೆಯಲ್ಲಿ ಬಾನೆಟ್ ತೆರೆದು, ವೈರ್‌ಗಳ ಮೇಲೆ ತೆಳುವಾಗಿ ನೀರು ಸಿಂಪಡಿಸಿ, ನೀಲಿ ಕಿಡಿ ಎಲ್ಲಾದರೂ ಹರಿದಾಡುತ್ತದೆಯೇ ಎಂದು ಕೈ ದೂರವಿಟ್ಟು ನೋಡಬೇಕು.

ಪ್ಲಗ್ ಬಿಚ್ಚಿದಾಗ ಅದರ ತುದಿಯನ್ನಷ್ಟೇ ನೋಡಿ ಬಿಡುವುದು ಸಾಲದು. ಬಿಳಿ ಪಿಂಗಾಣಿಯ ಮೇಲೆ, ಮೇಲಿನ ಟರ್ಮಿನಲ್ಲಿನಿಂದ ಕೆಳಗಿನ ಲೋಹದವರೆಗೆ, ಪೆನ್ಸಿಲಿನಲ್ಲಿ ಎಳೆದಂತಹ ಸಣ್ಣ ಕಪ್ಪು ಗೆರೆ ಇದ್ದರೆ ಕಿಡಿ ಒಳಗೆ ಹೋಗದೆ ಹೊರಗಿನಿಂದಲೇ ಇಳಿದುಹೋಗಿದೆ. ಅದೇ ಗೆರೆಯ ಜೋಡಿ, ವೈರಿನ ತುದಿಯಲ್ಲಿ ಪ್ಲಗ್ಗನ್ನು ಮುಚ್ಚುವ ರಬ್ಬರ್ ಬೂಟಿನ ಒಳಗೋಡೆಯಲ್ಲೂ ಇರುತ್ತದೆ. ಪ್ಲಗ್ ಮಾತ್ರ ಬದಲಿಸಿ ಬೂಟ್ ಉಳಿಸಿಕೊಂಡರೆ ಹೊಸ ಪಿಂಗಾಣಿಯ ಮೇಲೂ ಗೆರೆ ಮೂಡುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಪ್ಲಗ್ ಕುಳಿತುಕೊಳ್ಳುವ ಬಾವಿಯಲ್ಲಿ ಎಣ್ಣೆ ನಿಂತಿದ್ದರೆ ಎಂಜಿನ್ನಿನ ಮೇಲ್ಮುಚ್ಚಳವಾದ ಕ್ಯಾಮ್ ಕವರಿನ ಗ್ಯಾಸ್ಕೆಟ್ ಸೋರುತ್ತಿದೆ. ಎಣ್ಣೆ ಬೂಟಿನ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುವುದರಿಂದ ಆ ಸೋರಿಕೆ ನಿಲ್ಲಿಸದೆ ಹೊಸ ವೈರ್ ಹಾಕುವುದು ಹಣ ದಂಡ.

ಇದಕ್ಕೆ ವಿರುದ್ಧವಾಗಿ, ಐಡ್ಲಿಂಗಿನಲ್ಲಿ ನಡುಗಿ ವೇಗ ಏರಿದಂತೆ ಸರಿಯಾಗುವ ಎಂಜಿನ್ನಿನಲ್ಲಿ ಗಾಳಿ ಸೋರಿಕೆಯನ್ನು ಹುಡುಕಬೇಕು. ಈ 1.6 ಲೀಟರ್ ಎಂಜಿನ್ ಒಳಬರುವ ಗಾಳಿಯನ್ನು ಒಂದು ಸಣ್ಣ ರೆಕ್ಕೆ ಎಷ್ಟು ತೆರೆದುಕೊಂಡಿತು ಎಂಬುದರಿಂದ ಅಳೆಯುತ್ತದೆ. ಆ ಮೀಟರನ್ನು ದಾಟಿದ ಮೇಲೆ ಕೊಳವೆಯಲ್ಲಿ ಬಿರುಕಿದ್ದರೆ ಅಲ್ಲಿ ನುಗ್ಗುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ, ಅದಕ್ಕೆ ತಕ್ಕ ಪೆಟ್ರೋಲ್ ಬರುವುದಿಲ್ಲ. ರಬ್ಬರ್ ಕೊಳವೆಯ ಮಡಿಕೆಗಳ ತಳಭಾಗವನ್ನು ಬಗ್ಗಿಸಿ ನೋಡದೆ ಇಂಥ ಬಿರುಕು ಕಾಣುವುದಿಲ್ಲ.

ಕಿಡಿಯೂ ಗಾಳಿಯೂ ಸರಿಯಿದ್ದರೆ ಕಂಪ್ರೆಷನ್ ಪರೀಕ್ಷೆ ಉಳಿಯುತ್ತದೆ. ಎಂಜಿನ್ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ಹೊರಗಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಕಿಡಿ ಮತ್ತು ಪೆಟ್ರೋಲ್ ಎರಡನ್ನೂ ಕಡಿತಗೊಳಿಸಿರಬೇಕು. ಒಂದು ಸಿಲಿಂಡರ್ ಮಾತ್ರ ಕಡಿಮೆ ತೋರಿಸಿದರೆ ಅದರೊಳಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿವೆ, ಏರದಿದ್ದರೆ ದೋಷ ವಾಲ್ವಿನಲ್ಲಿ ಅಥವಾ ಗ್ಯಾಸ್ಕೆಟ್ಟಿನಲ್ಲಿದೆ. ವಾಲ್ವುಗಳನ್ನು ಒತ್ತುವ, ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಲಿಫ್ಟರ್‌ಗಳ ಟಿಕ್ ಟಿಕ್ ಸದ್ದು ಈ ಎಂಜಿನ್ನಿಗೆ ಹೊಸದಲ್ಲ, ಅದೊಂದನ್ನೇ ಕೇಳಿ ವಾಲ್ವ್ ಕೆಟ್ಟಿದೆ ಎನ್ನಬಾರದು.

ನಾಲ್ಕೂ ಸಿಲಿಂಡರ್ ಒಂದೇ ಸಮನೆ ದುರ್ಬಲವಾಗಿದ್ದು ಪಿಕಪ್ ಬಿದ್ದುಹೋಗಿದ್ದರೆ, ಕಿಡಿ ಹಾರುವ ಕ್ಷಣವನ್ನು ಪುಲ್ಲಿಯ ಗುರುತಿನ ಮೇಲೆ ತೋರಿಸುವ ಟೈಮಿಂಗ್ ಲೈಟ್ ಹಿಡಿಯಬೇಕು. ಆರಂಭದ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮುಂದಿನ ಮೂತಿ ಗಿಡ್ಡವಾಗಿದ್ದು, ಪುಲ್ಲಿಯನ್ನು ಜಾರದಂತೆ ಹಿಡಿಯುವ ಕೀಲಿ (ಸಣ್ಣ ಲೋಹದ ತುಂಡು) ಕೂರುವ ಅಲ್ಲಿನ ತೋಡು ಸವೆದು ಪುಲ್ಲಿ ಓಲಾಡುವ ದೋಷ ಪ್ರಸಿದ್ಧವಾದದ್ದು. ಕಿಡಿಯ ಕಾಲವನ್ನು ಹೇಳುವ ಸೆನ್ಸರ್ ಕ್ಯಾಮ್‌ಶಾಫ್ಟಿನಿಂದ ತಿರುಗುವ ಕಾರಣ ವಾಲ್ವುಗಳ ಕಾಲದ ಜೊತೆಗೆ ಕಿಡಿಯ ಕಾಲವೂ ಜಾರುತ್ತದೆ. ಸೆನ್ಸರ್ ತಿರುಗಿಸಿ ಟೈಮಿಂಗ್ ಹೊಂದಿಸಿದ ಮೇಲೂ ಎಳೆತ ಮರಳದಿದ್ದರೆ, ಅಥವಾ ಹೊಂದಿಸಿದ ಗುರುತು ಮತ್ತೆ ಮತ್ತೆ ಸರಿದುಹೋಗುತ್ತಿದ್ದರೆ, ಎಂಜಿನ್ ಓಡುವಾಗ ಪುಲ್ಲಿಯ ಅಂಚನ್ನು ಪಕ್ಕದಿಂದ ದಿಟ್ಟಿಸಿ ನೋಡಬೇಕು. ಅದು ಓಲಾಡುವುದು ಕಂಡರೆ ಮುಂದೆ ಓಡಿಸದೆ ಕ್ರ್ಯಾಂಕ್ ಬೋಲ್ಟ್ ಬಿಚ್ಚಿ ಕೀಲಿಯನ್ನು ಪರೀಕ್ಷಿಸಬೇಕು.