ಕಪ್ಪು ಕಾರಿನ ಮೇಲೆ ನಡೆದಾಡುವ ವೃತ್ತಗಳು

ಕಪ್ಪು ಕಾರು ಕೊಂಡವರಿಗೆ ಹುಬ್ಬಳ್ಳಿಯಲ್ಲಿ ಪುಕ್ಕಟೆ ಸಲಹೆಗೆ ಬರವಿಲ್ಲ. ಅದು ಶನಿಯ ಬಣ್ಣ, ಮುಂದೆ ನಿಂಬೆಹಣ್ಣು ಕಟ್ಟಿ ಎನ್ನುವವರು ಒಂದು ಕಡೆ. ಗೀರು ಬಿದ್ದರೆ ಟೂತ್‌ಪೇಸ್ಟ್ ತಿಕ್ಕಿ ಎನ್ನುವವರು ಇನ್ನೊಂದು ಕಡೆ. ಬಂಪರಿಗೆ ಜೋತುಬಿದ್ದ ನಿಂಬೆಹಣ್ಣಿನಿಂದ ಬಣ್ಣಕ್ಕೆ ಅಂಥ ಹಾನಿಯಿಲ್ಲ, ಮೊದಲನೆಯವರನ್ನು ಬಿಟ್ಟುಬಿಡೋಣ. ನನ್ನ ಜಗಳ ಎರಡನೆಯವರ ಜೊತೆ.

ಮಟಮಟ ಮಧ್ಯಾಹ್ನ ಗೋಕುಲ ರಸ್ತೆಯಲ್ಲಿ ನಿಂತ ಯಾವುದಾದರೂ ಕಪ್ಪು ಕಾರಿನ ಬಾನೆಟ್ ನೋಡಿ. ಸೂರ್ಯನ ಪ್ರತಿಬಿಂಬದ ಸುತ್ತ ಕೂದಲೆಳೆಯಂಥ ಗೀರುಗಳು ವೃತ್ತ ವೃತ್ತವಾಗಿ ಹೊಳೆಯುತ್ತಿರುತ್ತವೆ. ತೊಳೆಯುವ ಹುಡುಗ ಸುತ್ತಿ ಸುತ್ತಿ ಒರೆಸಿದ್ದರಿಂದಲೇ ಹೀಗಾಯಿತು ಎಂದು ಅವನನ್ನು ಬೈಯುವುದು ರೂಢಿ. ಈಗ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ವೃತ್ತಗಳೂ ನಿಮ್ಮೊಂದಿಗೆ ಸರಿಯುತ್ತವೆ! ಬಣ್ಣದಲ್ಲಿ ಕೊರೆದ ವೃತ್ತ ಹೀಗೆ ನಡೆದಾಡಲು ಸಾಧ್ಯವೇ?

ಗೀರು ಎಂದರೆ ಅತಿ ಸಪೂರವಾದ ಕಾಲುವೆ. ಅದರ ಇಳಿಜಾರು ಅಂಚುಗಳು ಬೆಳಕನ್ನು ಗೀರಿನ ಉದ್ದಕ್ಕಲ್ಲ, ಅಡ್ಡಕ್ಕೆ ಚೆಲ್ಲುತ್ತವೆ. ಬಾನೆಟ್ ಮೇಲೆ ಗೀರುಗಳು ಎಲ್ಲ ದಿಕ್ಕಿಗೂ ಬಿದ್ದಿರುತ್ತವೆ. ಯಾವುದು ಚೆಲ್ಲಿದ ಬೆಳಕು ನಿಮ್ಮ ಕಣ್ಣಿಗೆ ತಲುಪುತ್ತದೋ ಅದಷ್ಟೇ ಹೊಳೆಯುತ್ತದೆ. ಅಂಥವೆಲ್ಲ ಪ್ರತಿಬಿಂಬಕ್ಕೆ ಅಡ್ಡಲಾಗಿ, ಅದನ್ನು ಸುತ್ತುವರಿದು ಮಲಗಿದವು. ಪ್ರತಿಬಿಂಬದತ್ತ ನೇರ ಮುಖಮಾಡಿದ ಗೀರುಗಳು ಅಲ್ಲೇ ಇದ್ದರೂ ಕಾಣಿಸುವುದಿಲ್ಲ. ಹಳೆಯ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದರೂ ಇದೇ ಆಟ. ರಾತ್ರಿ ಬಾನೆಟ್ ಮೇಲೆ ಎರಡು ಮೊಬೈಲ್ ಟಾರ್ಚ್ ಹಿಡಿಯಿರಿ, ವೃತ್ತಗಳ ಗುಂಪೂ ಎರಡಾಗುತ್ತದೆ.

ಬಿಳಿ ಕಾರಿನಲ್ಲೂ ಇಷ್ಟೇ ಗೀರುಗಳಿರಬಹುದು. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ನ್ನು ಮಾತ್ರ ಕನ್ನಡಿಯಂತೆ ಹಿಂದಿರುಗಿಸುತ್ತದೆ. ಬಿಳಿ ಕಾರಿನಲ್ಲಿ ಉಳಿದ ಬೆಳಕಿನ ಬಹುಪಾಲು ತಳದ ಬಣ್ಣದಿಂದ ಚದುರಿ ವಾಪಸಾಗುತ್ತದೆ, ಆ ಪ್ರಖರತೆಯಲ್ಲಿ ಗೀರಿನ ಹೊಳಪು ಮುಳುಗಿಹೋಗುತ್ತದೆ. ಕಪ್ಪು ತಳ ಉಳಿದದ್ದನ್ನೆಲ್ಲ ನುಂಗಿಬಿಡುತ್ತದೆ. ಶನಿಗೂ ಇದಕ್ಕೂ ಸಂಬಂಧವಿಲ್ಲ. ಕಪ್ಪು ಹೆಚ್ಚು ಕೆಡುವುದಿಲ್ಲ, ಕೆಟ್ಟದ್ದನ್ನು ಮುಚ್ಚಿಡುವುದಿಲ್ಲ ಅಷ್ಟೇ.

ಗೀರು ಎಳೆಯುವುದು ಧೂಳು. ನಮ್ಮ ಎರೆಮಣ್ಣಿನ ಜೇಡಿ ಮೃದುವೇ. ಅದರೊಳಗಿನ ಮರಳಿನ ಕಣ ಮಾತ್ರ ಕ್ವಾರ್ಟ್ಜ್, ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಮಾಪನದಲ್ಲಿ 7. ಬೆಳಿಗ್ಗೆ ಒಣ ಬಟ್ಟೆಯಿಂದ ಕಾರು ಒರೆಸುವ ಶಿಸ್ತಿನ ಮನುಷ್ಯ ದಿನವೂ ಅದನ್ನೇ ಬಣ್ಣದ ಮೇಲೆ ಎಳೆದಾಡುತ್ತಾನೆ.

ಗೀರು ತೆಗೆಯುವುದೆಂದರೆ ಪದರವನ್ನೇ ತೆಳುವಾಗಿ ಸವೆಸುವುದು. ಕ್ಲಿಯರ್ ಕೋಟ್ ಇರುವುದೇ ಸುಮಾರು 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಉಜ್ಜಿದ ಗಾಜು ಹೊಳೆಯುವುದು ಗೀರುಗಳು ಇಲ್ಲವಾಗುವುದರಿಂದಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣವಾಗುವುದರಿಂದ ಎಂದು ನ್ಯೂಟನ್ 1704ರಲ್ಲೇ ಬರೆದಿದ್ದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಜಾರ್ಜ್ ಬೀಲ್ಬಿ, ಇಲ್ಲ, ಮೇಲ್ಪದರವೇ ಹರಿದು ಗೀರನ್ನು ಮುಚ್ಚುತ್ತದೆ ಎಂದು ವಾದಿಸಿದ. ಕಾರಿನ ಮಟ್ಟಿಗೆ ನ್ಯೂಟನ್ನನೇ ಸರಿ. ಬೆಳಕಿನ ತರಂಗದ ಉದ್ದ 0.4ರಿಂದ 0.7 ಮೈಕ್ರಾನ್, ಉಳಿದ ಗೀರುಗಳು ಅದಕ್ಕಿಂತ ಸಾಕಷ್ಟು ಚಿಕ್ಕದಾದರೆ ಕಪ್ಪು ಕನ್ನಡಿಯಾಗುತ್ತದೆ.

ಬಣ್ಣ ಮೃದುವಾಗಿದ್ದರೆ ತೊಡಕು ಇಲ್ಲಿಯೇ. ಪಾಲಿಶಿನಲ್ಲಿರುವ ಉಜ್ಜುವ ಕಣ ಅದೇ, ಒತ್ತಡ ಅದೇ, ಆದರೆ ಕಣ ಹೆಚ್ಚು ಆಳಕ್ಕೆ ಇಳಿಯುತ್ತದೆ. ಹಳೆಯ ಗೀರು ಬೇಗ ಹೋಗುತ್ತದೆ, ಅದರ ಜಾಗದಲ್ಲಿ ಮಂಜು ಕವಿದಂಥ ಹೊಸ ಮಸುಕು ಉಳಿಯುತ್ತದೆ. ಅಂಗಡಿಯವರು ಮೊದಲು ಕೈಗೆ ಕೊಡುವ, ಒರಟಾಗಿ ಸವೆಸುವ ಕಾಂಪೌಂಡ್ ಮತ್ತು ಉಣ್ಣೆಯ ಪ್ಯಾಡ್ ಇಂಥ ಬಣ್ಣಕ್ಕೆ ಬೇಡ. ಮೊದಲ ಪ್ರಯೋಗ ಅತಿ ಸೌಮ್ಯವಾದದ್ದರಿಂದಲೇ ಆಗಲಿ: ನಯವಾದ ಅಲ್ಯೂಮಿನಿಯಂ ಆಕ್ಸೈಡ್ ಇರುವ ಫಿನಿಶಿಂಗ್ ಪಾಲಿಶ್ (ಮೆಗ್ವಾಯರ್ಸ್ ಕಂಪನಿಯ 205 ಈ ಜಾತಿಯದು, ಅವರದೇ ಕಾಂಪೌಂಡ್ ಆದ 105 ಅಲ್ಲ), ಮೆತ್ತನೆಯ ಫೋಮ್ ಪ್ಯಾಡ್, ತಿರುಗುತ್ತಲೇ ಅತ್ತಿತ್ತ ಕದಲುವ ಡ್ಯುಯಲ್ ಆಕ್ಷನ್ ಯಂತ್ರ, ಕಡಿಮೆ ಒತ್ತಡ. ಟೂತ್‌ಪೇಸ್ಟಿನಲ್ಲೂ ಉಜ್ಜುವ ಪುಡಿ ಇದೆ ನಿಜ, ಆದರೆ ಅದನ್ನು ಅಳೆದು ಹಾಕಿದ್ದು ಹಲ್ಲಿಗಾಗಿ.

ಗದಗಿನ ಹತ್ತಿರದ ಲಕ್ಕುಂಡಿಗೆ ಹೋದವರು ಕಾಶಿ ವಿಶ್ವೇಶ್ವರ ಗುಡಿಯ ಕಂಬಗಳನ್ನು ನೋಡಿರುತ್ತಾರೆ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ತಿರುಗಣಿಯಲ್ಲಿ ಕಡೆದಂತೆ ನುಣುಪಾಗಿಸಿದ ಆ ಕಲ್ಲು ಬಳಪದ ಕಲ್ಲಿನ ಜಾತಿಯದು, ಮೊಳೆಯಿಂದಲೂ ಗೀರಬಹುದಾದಷ್ಟು ಮೃದು. (ಪ್ರಯೋಗ ಬೇಡ, ಹೆಸರು ಕೆತ್ತುವ ಪ್ರೇಮಿಗಳಿಗೆ ಈ ಗುಣ ಹೇಳದೆಯೇ ಗೊತ್ತಿದೆ.) ಅಂಥ ಹೊಳಪಿಗೆ ಗಟ್ಟಿ ಕಲ್ಲೇ ಬೇಕೆಂದಿಲ್ಲ.

ಗಟ್ಟಿತನವೆಂದರೆ ಜಾಹೀರಾತಿನವರಿಗೆ ಬಲು ಪ್ರೀತಿ. ಬಣ್ಣದ ಮೇಲೆ ರಕ್ಷಣೆಗೆಂದು ಹಚ್ಚುವ ಸೆರಾಮಿಕ್ ಕೋಟಿಂಗಿನ ಡಬ್ಬಿಯ ಮೇಲೆ '9ಎಚ್' ಎಂದು ಕಂಡೊಡನೆ, ವಜ್ರ 10, ಇದು 9 ಎಂದು ಲೆಕ್ಕ ಹಾಕುವವರನ್ನು ಕಂಡಿದ್ದೇನೆ. ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ್ದು ಖನಿಜಗಳ ಮಾಪನ. 9ಎಚ್ ಬಂದದ್ದು ಪೆನ್ಸಿಲಿನಿಂದ: ಗ್ರಾಫೈಟಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನಕ್ಕೆ ಕೋಂಟೆ ಎಂಬ ಫ್ರೆಂಚ್ ಗೃಹಸ್ಥ 1795ರಲ್ಲಿ ಪೇಟೆಂಟ್ ಪಡೆದ, ಜೇಡಿ ಹೆಚ್ಚಾದಷ್ಟೂ ಪೆನ್ಸಿಲ್ ಗಟ್ಟಿ. ಆ ಸಾಲಿನ ಅತಿ ಗಟ್ಟಿ ಪೆನ್ಸಿಲಿಗೆ ಕೋಟಿಂಗ್ ಜಗ್ಗಲಿಲ್ಲ ಎಂಬುದಷ್ಟೇ 9ಎಚ್‌ನ ಅರ್ಥ. ಮರಳಿನ ಕಣ ಪೆನ್ಸಿಲ್ ಅಲ್ಲ. ಕೋಟಿಂಗ್ ನೀರು ಜಾರಿಸುತ್ತದೆ, ತೊಳೆಯುವುದನ್ನು ಹಗುರಾಗಿಸುತ್ತದೆ. ಆ ಲಾಭಕ್ಕೆ ಹಚ್ಚಿಸಿಕೊಳ್ಳಿ.

ಗ್ಲೇಜ್ ಎಂಬ ಇನ್ನೊಂದು ಬಾಟಲಿ ಗೀರನ್ನು ತೆಗೆಯದೆ ಎಣ್ಣೆಯಂಥ ವಸ್ತುವಿನಿಂದ ತುಂಬಿಸುತ್ತದೆ. ಕೆಲವು ಬಾರಿ ತೊಳೆದ ಮೇಲೆ ಗೀರು ಮತ್ತೆ ಹಾಜರು. ಪಾಲಿಶ್ ನಿಜವಾಗಿ ಕೆಲಸ ಮಾಡಿದೆಯೇ ಎಂದು ತಿಳಿಯಲು, ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಮೈಕ್ರೋಫೈಬರ್ ಬಟ್ಟೆ ಒದ್ದೆ ಮಾಡಿ ಹಗುರವಾಗಿ ಒರೆಸಿ, ಟಾರ್ಚ್ ಹಿಡಿಯಿರಿ. ಗ್ಯಾರೇಜಿನಲ್ಲಿ ಮರುಬಣ್ಣ ಕಂಡ ಬಂಪರನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಕಾರ್ಖಾನೆಯಲ್ಲಿ ಬಣ್ಣವನ್ನು 120 ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ಬೇಯಿಸುತ್ತಾರೆ. ಪ್ಲಾಸ್ಟಿಕ್, ವೈರಿಂಗ್ ಎಲ್ಲ ಕೂಡಿಸಿದ ಕಾರನ್ನು ಗ್ಯಾರೇಜಿನಲ್ಲಿ 60ರ ಆಸುಪಾಸಿಗಿಂತ ಹೆಚ್ಚು ಕಾಯಿಸುವಂತಿಲ್ಲ. ಹೀಗಾಗಿ ಒಂದೇ ಕಾರಿನಲ್ಲಿ ಬಾನೆಟ್ ಗಟ್ಟಿ, ಬಂಪರ್ ಮೃದು ಆಗಿರಬಹುದು. ಬಾನೆಟ್‌ಗೆ ಒಗ್ಗಿದ ಪ್ಯಾಡನ್ನೇ ಅಲ್ಲಿಗೂ ಒಯ್ಯುವ ಮೊದಲು ಬಂಪರಿನ ಮೂಲೆಯಲ್ಲಿ ಅಂಗೈಯಗಲ ಜಾಗದಲ್ಲಿ ತಿಕ್ಕಿ ನೋಡಿ.